583101: ಬಳ್ಳಾರಿಯ ಪಿನ್‌ಕೋಡ್ ಬಿಡಿಸುವ ಬಗೆ

583101 ಬಳ್ಳಾರಿ ಪ್ರಧಾನ ಅಂಚೆ ಕಚೇರಿಯ ಪಿನ್‌ಕೋಡ್. ಅಂಚೆಯವರಿಗೆ ಮೊದಲ ಮೂರು ಅಂಕಿ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಬಟವಾಡೆಯ ಕಚೇರಿ. ಅದನ್ನೆಲ್ಲ ಬದಿಗಿಟ್ಟು ಬರೀ ಸಂಖ್ಯೆಯಾಗಿ ನೋಡಿ ಅವಿಭಾಜ್ಯಗಳಾಗಿ ಬಿಡಿಸಿದರೆ ಒಳಗೆ ಏನೇನಿದೆ? ಹಾಳೆ, ಪೆನ್ಸಿಲ್ ಸಾಕು. ಕ್ಯಾಲ್ಕುಲೇಟರ್ ತಾಳೆ ನೋಡಲಿಕ್ಕೆ ಇರಲಿ.

ಕೊನೆಯ ಅಂಕಿ 1, ಹಾಗಾಗಿ 2 ಮತ್ತು 5 ಲೆಕ್ಕಕ್ಕಿಲ್ಲ. ಅಂಕಿಗಳನ್ನು ಕೂಡಿದರೆ 18. ಅಂದರೆ 9ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. 10, 100, 1000 ಯಾವುದನ್ನೇ 9ರಿಂದ ಭಾಗಿಸಿದರೂ ಉಳಿಯುವುದು 1, ಆದ್ದರಿಂದಲೇ ಅಂಕಿಗಳ ಮೊತ್ತ ನೋಡಿದರೆ ಸಾಕಾಗುತ್ತದೆ. ಆದರೆ ಅವಸರದಲ್ಲಿ 583011 ಎಂದು ಬರೆದುಕೊಂಡರೂ ಮೊತ್ತ 18ಏ! ಅಂಕಿ ಅದಲುಬದಲಾದ ತಪ್ಪನ್ನು ಈ ಪರೀಕ್ಷೆ ಹಿಡಿಯದು. 583101ನ್ನು 9ರಿಂದ ಭಾಗಿಸಿದಾಗ ಬರುವುದು 64789. ಇದರ ಅಂಕಿಗಳ ಮೊತ್ತ 34, ಇನ್ನು 3ರ ಕೆಲಸ ಮುಗಿಯಿತು.

7, 11, 13 ಮೂರನ್ನೂ ಒಂದೇ ಏಟಿಗೆ ನೋಡಬಹುದು. ಮೂರರ ಗುಣಲಬ್ಧ 1001, 1000 ಅದಕ್ಕಿಂತ ಒಂದೇ ಕಡಿಮೆ, ಆದ್ದರಿಂದ ಕಳೆದು ನೋಡಿದರೆ ಸಾಕು. ಮೂಲ ಸಂಖ್ಯೆಯನ್ನು ಮೂರು ಮೂರು ಅಂಕಿಗೆ ಕತ್ತರಿಸಿ ಕಳೆಯಿರಿ: 583 − 101 = 482. ಇದು ಮೂರರಲ್ಲಿ ಯಾವುದಕ್ಕೂ ಬಗ್ಗದು. ಪಕ್ಕದ ಊರುಗಳು ಹಾಗಲ್ಲ: ರಾಯಚೂರಿನ 584101ರಲ್ಲಿ ವ್ಯತ್ಯಾಸ 483, ಅದು 7ರ ಮಗ್ಗಿಯಲ್ಲಿದೆ. ಕೊಪ್ಪಳದ 583231ರಲ್ಲಿ 352, ಅದು 11ರದ್ದು.

ಇನ್ನು ನೇರ ಭಾಗಾಕಾರ. ಬಹಳ ಮಂದಿ ಎಡವುವುದು ಇಲ್ಲೇ. 583101ರ ವರ್ಗಮೂಲ 763ರ ಮೇಲಿದೆಯೆಂದು ಅಲ್ಲಿಯವರೆಗೂ ಹೊರಟುಬಿಡುತ್ತಾರೆ. 9 ಆಗಲೇ ಹೊರಬಂದಿದೆ. ಈಗ ಭಾಗಿಸಬೇಕಾದ್ದು 64789 ಮಾತ್ರ, 254ರವರೆಗಿನ ಅವಿಭಾಜ್ಯಗಳು ಸಾಕು. 17ಕ್ಕೆ ಶೇಷ 2, 31ಕ್ಕೆ 30, 37ಕ್ಕೆ ಮತ್ತೆ 2, 59 ಮತ್ತು 61 ಎರಡಕ್ಕೂ 7. ಬೇಸರವಾಗಿ ಕೈಬಿಡುವುದು ಸಾಮಾನ್ಯವಾಗಿ ಇಲ್ಲಿಯೇ. ಮುಂದಿನದೇ 67, ಶೇಷ ಸೊನ್ನೆ, ಭಾಗಲಬ್ಧ 967.

967 ಅವಿಭಾಜ್ಯವೇ? ಅದರ ವರ್ಗಮೂಲ 31ರ ಆಚೆಗೆ ಸ್ವಲ್ಪ. 31ರವರೆಗಿನ ಯಾವ ಅವಿಭಾಜ್ಯವೂ 64789ನ್ನು ಭಾಗಿಸಲಿಲ್ಲ, ಅಂದಮೇಲೆ ಅದರ ತುಂಡಾದ 967ನ್ನೂ ಭಾಗಿಸವು. ಹೊಸದಾಗಿ ಒಂದು ಲೆಕ್ಕವೂ ಬೇಡ.

583101 = 3² × 67 × 967.

ಘಾತಗಳಿಗೆ ಒಂದೊಂದು ಕೂಡಿಸಿ ಗುಣಿಸಿದರೆ 3 × 2 × 2 = 12, ಇವು ಒಟ್ಟು ಭಾಜಕಗಳು. ಸಂಖ್ಯೆಯನ್ನು ಬಿಟ್ಟು ಉಳಿದ ಹನ್ನೊಂದರ ಮೊತ್ತ 272611. ಸಂಖ್ಯೆಗಿಂತ ಬಹಳ ಕಡಿಮೆ, ಹಾಗಾಗಿ ಪರಿಪೂರ್ಣ ಸಂಖ್ಯೆಯ (ಈ ಮೊತ್ತ ಸಂಖ್ಯೆಗೇ ಸಮವಾಗಿರುವಂಥದ್ದರ) ಹತ್ತಿರಕ್ಕೂ ಬರುವುದಿಲ್ಲ.

ಇದನ್ನು 4ರಿಂದ ಭಾಗಿಸಿದರೆ ಉಳಿಯುವುದು 1. ಅಷ್ಟು ನೋಡಿ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೆಂದುಕೊಂಡರೆ ಮೋಸ ಹೋದಿರಿ. 67, 967 ಎರಡೂ 4ಕ್ಕೆ 3 ಉಳಿಸುವ ಅವಿಭಾಜ್ಯಗಳು. ಅಂಥವು ಬೆಸ ಸಲ ಬಂದರೆ ಅದು ಆಗದ ಮಾತು. ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯುವುದಾದರೆ ಸಲೀಸು. 967 ಮತ್ತು 67ರ ಮೊತ್ತದ ಅರ್ಧ 517, ವ್ಯತ್ಯಾಸದ ಅರ್ಧ 450. ಎರಡನ್ನೂ 3ರಿಂದ ಗುಣಿಸಿ: 1551² − 1350² = 583101.