ಹಳೆಯ ಮದರ್‌ಬೋರ್ಡಿನಲ್ಲಿ ಎನ್‌ವಿಎಂಇ ಡ್ರೈವ್‌ನಿಂದ ಬೂಟ್ ಮಾಡುವ ಬಗೆ

ಇಂಟೆಲ್ ಎಚ್61 ಅಥವಾ ಬಿ75 ಚಿಪ್‌ಸೆಟ್‌ನ ಬೋರ್ಡು, ಅದರ ಮೇಲೆ ಮೂರನೇ ತಲೆಮಾರಿನ ಕೋರ್ ಐ5 ಪ್ರೊಸೆಸರ್, ಎಂಟು ಜಿಬಿ ರ‍್ಯಾಮ್: ಇಂಥ ಡೆಸ್ಕ್‌ಟಾಪ್‌ಗಳು ಹತ್ತು ವರ್ಷ ದಾಟಿದರೂ ಮನೆ, ಅಂಗಡಿ, ಕಚೇರಿಗಳಲ್ಲಿ ಇನ್ನೂ ದುಡಿಯುತ್ತಿವೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇನ್ನೂ ಕೈಬದಲಾಗುತ್ತಿವೆ. ಇವುಗಳಲ್ಲಿ ಎನ್‌ವಿಎಂಇ ಎಂಬ ವೇಗದ ಎಸ್‌ಎಸ್‌ಡಿಗಳನ್ನು ಕೂರಿಸುವ ಎಂ.2 ಸ್ಲಾಟ್ ಇರುವುದಿಲ್ಲ. ಆದರೂ ಒಂದು ಸಣ್ಣ ಅಡಾಪ್ಟರ್ ಕಾರ್ಡಿನ ಮೂಲಕ ಎನ್‌ವಿಎಂಇ ಡ್ರೈವನ್ನು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಕೂರಿಸಿದರೆ ವಿಂಡೋಸ್ 10 ಅದನ್ನು ತಕ್ಷಣ ಗುರುತಿಸುತ್ತದೆ, ಕಡತಗಳನ್ನು ಬರೆಯುತ್ತದೆ, ಓದುತ್ತದೆ. ಆದರೆ ಅದೇ ಡ್ರೈವಿನಿಂದ ಬೂಟ್ ಮಾಡಲು ಹೊರಟರೆ ಬಯಾಸ್‌ನ, ಅಂದರೆ ಯಂತ್ರವನ್ನು ಮೊದಲು ಎಬ್ಬಿಸುವ ಬೋರ್ಡಿನ ತಂತ್ರಾಂಶದ, ಪಟ್ಟಿಯಲ್ಲಿ ಅದರ ಹೆಸರೇ ಕಾಣಿಸುವುದಿಲ್ಲ.

ಇದು ಯಂತ್ರಾಂಶದ ಕೊರತೆಯಲ್ಲ. ಯುಇಎಫ್‌ಐ ಎಂಬ ಹೊಸ ಬಗೆಯ ಬಯಾಸ್ ಫರ್ಮ್‌ವೇರ್ ಚಾಲೂ ಆಗುವಾಗ ಡಿಎಕ್ಸ್‌ಇ ಎಂಬ ಹಂತದಲ್ಲಿ ತನ್ನೊಳಗಿನ ಡ್ರೈವರ್‌ಗಳನ್ನು ಒಂದೊಂದಾಗಿ ಎಬ್ಬಿಸುತ್ತದೆ, ಆಮೇಲಿನ ಬಿಡಿಎಸ್ ಹಂತದಲ್ಲಿ ಆ ಡ್ರೈವರ್‌ಗಳು ತೋರಿಸಿಕೊಟ್ಟ ಡಿಸ್ಕ್‌ಗಳಲ್ಲಿ ಬೂಟ್‌ಲೋಡರನ್ನು ಹುಡುಕುತ್ತದೆ. ಎನ್‌ವಿಎಂಇಯ ಮೊದಲ ನಿರ್ದಿಷ್ಟತೆ ಹೊರಬಂದದ್ದು 2011ರಲ್ಲಿ; ಆ ಕಾಲದ ಬೋರ್ಡುಗಳ ಫರ್ಮ್‌ವೇರ್‌ನಲ್ಲಿ ಸೇಟಾಗೆ (ಸಾಮಾನ್ಯ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿಗಳ ಸಂಪರ್ಕ) ಡ್ರೈವರ್ ಇತ್ತು, ಯುಎಸ್‌ಬಿಗೆ ಇತ್ತು, ಎನ್‌ವಿಎಂಇಗೆ ಇರಲಿಲ್ಲ. ಆದ್ದರಿಂದ ನಾವು ಮಾಡಬೇಕಾದದ್ದು ಇಷ್ಟೇ: ಆಪರೇಟಿಂಗ್ ಸಿಸ್ಟಂ ಏಳುವುದಕ್ಕೆ ಮುಂಚಿನ ಆ ಕೆಲವು ಕ್ಷಣಗಳಿಗೆ ಒಂದು ಪುಟ್ಟ ಡ್ರೈವರನ್ನು ಯಾರಾದರೂ ಒದಗಿಸುವಂತೆ ಏರ್ಪಾಡು ಮಾಡುವುದು. ಯಾರು ಒದಗಿಸಬೇಕು ಎಂಬುದರ ಮೇಲೆ ಕೆಲಸದ ಅಪಾಯ ನಿಂತಿದೆ. ಬಯಾಸ್‌ಗೆ ಕೈಹಾಕುವುದು ಕೊನೆಯ ದಾರಿಯಾಗಿರಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊಳ್ಳುವ ಮೊದಲು

ಮೊದಲು ಸ್ಲಾಟಿನ ಲೆಕ್ಕ ನೋಡಿ. ಪಿಸಿಐ ಎಕ್ಸ್‌ಪ್ರೆಸ್ 2.0ರಲ್ಲಿ ಒಂದು ಲೇನ್‌ಗೆ, ಅಂದರೆ ದತ್ತಾಂಶ ಸಾಗುವ ಒಂದು ದಾರಿಗೆ, ಸೆಕೆಂಡಿಗೆ ಸುಮಾರು 500 ಎಂಬಿ, 3.0ರಲ್ಲಿ ಸುಮಾರು 985 ಎಂಬಿ ಸಾಗುತ್ತದೆ. ಎರಡನೇ ತಲೆಮಾರಿನ ಸ್ಯಾಂಡಿ ಬ್ರಿಜ್ ಪ್ರೊಸೆಸರ್ ಇದ್ದರೆ ದೊಡ್ಡ ಹದಿನಾರು ಲೇನ್ ಸ್ಲಾಟೂ 2.0 ವೇಗದ್ದೇ ಆಗಿರುತ್ತದೆ. ಮೂರನೇ ತಲೆಮಾರಿನ ಕೋರ್ ಐ5, ಐ7 ಇದ್ದರೆ ಅದು 3.0 ಆಗಬಲ್ಲದು. ಚಿಪ್‌ಸೆಟ್‌ನಿಂದ ಹೊರಡುವ ಚಿಕ್ಕ ಸ್ಲಾಟುಗಳು ಎಂದಿಗೂ 2.0 ಮೀರುವುದಿಲ್ಲ. ಹೀಗಾಗಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದವರು ಅಡಾಪ್ಟರನ್ನು ದೊಡ್ಡ ಸ್ಲಾಟಿಗೇ ಹಾಕುವುದು ಸರಿ. ಗ್ರಾಫಿಕ್ಸ್ ಕಾರ್ಡ್ ಅದನ್ನು ಹಿಡಿದಿದ್ದರೆ ಒಂದು ಲೇನಿನ ಸ್ಲಾಟೇ ಗತಿ. ಆಗ ಸಿಗುವುದು ಸೆಕೆಂಡಿಗೆ 400 ಎಂಬಿಯ ಆಸುಪಾಸು, ಅಂದರೆ ಒಳ್ಳೆಯ ಸೇಟಾ ಎಸ್‌ಎಸ್‌ಡಿಯ 550ಕ್ಕಿಂತ ಕಡಿಮೆ. ಆದರೆ ಎಚ್61 ಚಿಪ್‌ಸೆಟ್‌ನಲ್ಲಿ ಸೇಟಾ ಪೋರ್ಟುಗಳೆಲ್ಲ 3 ಗಿಗಾಬಿಟ್‌ನವು, ಅವುಗಳಲ್ಲಿ 280 ಎಂಬಿ ಸಿಕ್ಕರೆ ಹೆಚ್ಚು. ಆದುದರಿಂದ ಎಚ್61ರ ಮಟ್ಟಿಗೆ ಒಂದೇ ಲೇನ್ ಕೂಡ ಲಾಭವೇ. ಬಿ75ರಲ್ಲಿ 6 ಗಿಗಾಬಿಟ್‌ನ ಒಂದು ಪೋರ್ಟ್ ಇದೆ. ಅದು ಖಾಲಿಯಿದ್ದು, ನಿಮ್ಮ ಬಳಕೆ ಬ್ರೌಸರ್ ಮತ್ತು ಲೆಕ್ಕಪತ್ರಕ್ಕೆ ಸೀಮಿತವಾಗಿದ್ದರೆ, ಒಂದು ಸೇಟಾ ಎಸ್‌ಎಸ್‌ಡಿ ಹಾಕಿ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಬಹುದು.

ಅಡಾಪ್ಟರ್ ಕಾರ್ಡ್ ಅಗ್ಗದ ವಸ್ತು, ಅದರಲ್ಲಿ ತಂತಿಗಳ ಜೋಡಣೆ ಬಿಟ್ಟರೆ ಹೆಚ್ಚೇನೂ ಇಲ್ಲ. ಎಂ.2 ಆಕಾರದ ಸೇಟಾ ಡ್ರೈವ್ ಮಾತ್ರ ಇದರಲ್ಲಿ ಕೆಲಸ ಮಾಡುವುದಿಲ್ಲ, ಆದ್ದರಿಂದ ಕೊಳ್ಳುವಾಗ ಎನ್‌ವಿಎಂಇ ಎಂದೇ ಬರೆದಿರುವುದನ್ನು ಆರಿಸಿ. ಇನ್ನೊಂದು ವಿಶೇಷ ಗಮನಿಸಬೇಕು: 2015ರಲ್ಲಿ ಬಂದ ಸ್ಯಾಮ್‌ಸಂಗ್ 950 ಪ್ರೊ ತನ್ನದೇ ಆಪ್ಷನ್ ರಾಮ್ ಹೊತ್ತುಕೊಂಡಿದೆ, ಅಂದರೆ ಬೂಟ್‌ಗೆ ಬೇಕಾದ ಪ್ರೋಗ್ರಾಂ ಡ್ರೈವಿನೊಳಗೇ ಇದೆ, ಲೆಗಸಿ ಬಯಾಸ್, ಅಂದರೆ ಯುಇಎಫ್‌ಐ ಇಲ್ಲದ ಹಳೆಯ ಬಯಾಸ್, ಇರುವ ಅನೇಕ ಬೋರ್ಡುಗಳಲ್ಲಿ ಅದು ಯಾವ ಕಸರತ್ತೂ ಇಲ್ಲದೆ ಬೂಟ್ ಆಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅದರ ಸವಕಳಿಯನ್ನು ಸ್ಮಾರ್ಟ್ (ಡ್ರೈವ್ ತಾನೇ ದಾಖಲಿಸುವ ಆರೋಗ್ಯ) ಮಾಹಿತಿಯಲ್ಲಿ ನೋಡಿಯೇ ಕೊಳ್ಳಲಿ.

ಬೋರ್ಡ್ ತಯಾರಕರ ತಾಣದಲ್ಲಿ ಹೊಸ ಬಯಾಸ್ ಇದೆಯೇ ಎಂದೂ ಮೊದಲೇ ನೋಡಿ. 2014ರ ಎಚ್97, ಝಡ್97 ಬೋರ್ಡುಗಳಲ್ಲಿ ಹಲವಕ್ಕೆ ಎನ್‌ವಿಎಂಇ ಬೆಂಬಲ ಅಧಿಕೃತ ಅಪ್‌ಡೇಟ್‌ನಲ್ಲೇ ಬಂದಿದೆ. ಎಚ್61, ಬಿ75 ಸೇರಿದ ಆರು ಮತ್ತು ಏಳನೇ ಸರಣಿಯ ಚಿಪ್‌ಸೆಟ್‌ನವರಿಗೆ ಸಾಮಾನ್ಯವಾಗಿ ಆ ಭಾಗ್ಯವಿಲ್ಲ.

ಮೊದಲ ದಾರಿ: ಪೆನ್‌ಡ್ರೈವ್‌ನಲ್ಲಿ ಕ್ಲೋವರ್

ಕ್ಲೋವರ್ ಎಂಬುದು ಮುಕ್ತ ಬೂಟ್‌ಲೋಡರ್. ಅದು ಪೆನ್‌ಡ್ರೈವ್‌ನಿಂದ ಎದ್ದು, ಎನ್‌ವಿಎಂಇ ಡ್ರೈವರನ್ನು ತಾನೇ ಲೋಡ್ ಮಾಡಿ, ಆಮೇಲೆ ಡ್ರೈವ್‌ನಲ್ಲಿರುವ ವಿಂಡೋಸ್‌ಗೆ ನಿಯಂತ್ರಣ ಹಸ್ತಾಂತರಿಸುತ್ತದೆ. ಯುಇಎಫ್‌ಐ ಇಲ್ಲದ ಕೋರ್ 2 ಕಾಲದ ಬೋರ್ಡುಗಳಲ್ಲೂ ಇದು ನಡೆಯುತ್ತದೆ, ಏಕೆಂದರೆ ಲೆಗಸಿ ಬಯಾಸ್ ಮೇಲೆ ಕ್ಲೋವರ್ ತನ್ನದೇ ಯುಇಎಫ್‌ಐ ಪರಿಸರವನ್ನು ಕಟ್ಟಿಕೊಳ್ಳುತ್ತದೆ. ಬೋರ್ಡಿನ ಚಿಪ್‌ನಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಕೆಟ್ಟರೆ ಪೆನ್‌ಡ್ರೈವ್ ಕೆಡುತ್ತದೆ.

ವಿಂಡೋಸ್‌ನಲ್ಲಿ ಬೂಟ್ ಡಿಸ್ಕ್ ಯುಟಿಲಿಟಿ ಎಂಬ ತಂತ್ರಾಂಶದಿಂದ ಕ್ಲೋವರ್ ಪೆನ್‌ಡ್ರೈವ್ ಸಿದ್ಧಪಡಿಸಿ. ಅದರೊಳಗೆ ಇಎಫ್‌ಐ, ಅದರಡಿ ಕ್ಲೋವರ್, ಅದರಡಿ ಡ್ರೈವರ್ಸ್ ಫೋಲ್ಡರ್ ಸಿಗುತ್ತದೆ. ಬಳಕೆಯಲ್ಲಿಲ್ಲದ ಡ್ರೈವರ್‌ಗಳು ಆಫ್ ಎಂಬ ಉಪಫೋಲ್ಡರಿನಲ್ಲಿರುತ್ತವೆ. ಅಲ್ಲಿಂದ ಎನ್‌ವಿಎಂ ಎಕ್ಸ್‌ಪ್ರೆಸ್ ಡಿಎಕ್ಸ್‌ಇ ಎಂಬ ಕಡತವನ್ನು ಯುಇಎಫ್‌ಐ ಮತ್ತು ಬಯಾಸ್ ಎಂಬ ಎರಡೂ ಉಪಫೋಲ್ಡರುಗಳಿಗೆ ನಕಲಿಸಿ. ನಂತರ ಈ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಕ್ಲೋವರ್ ಮೆನುವಿನ ಮೂಲಕವೇ ವಿಂಡೋಸ್ ಅನುಸ್ಥಾಪನಾ ಪೆನ್‌ಡ್ರೈವನ್ನು ಆಯ್ಕೆ ಮಾಡಿ. ಈ ಕ್ರಮ ಮುಖ್ಯ: ಹೀಗೆ ಹೋದಾಗ ಡ್ರೈವರ್ ಮೊದಲೇ ಜಾಗೃತವಾಗಿರುವುದರಿಂದ, ಈ ಡಿಸ್ಕಿನಿಂದ ಬೂಟ್ ಆಗದಿರಬಹುದು ಎಂಬ ಎಚ್ಚರಿಕೆಯನ್ನು ವಿಂಡೋಸ್ ಸೆಟಪ್ ಸಾಮಾನ್ಯವಾಗಿ ಒಡ್ಡುವುದಿಲ್ಲ. ಅನುಸ್ಥಾಪನೆಯ ಹೊತ್ತಿಗೆ ಉಳಿದ ಎಲ್ಲ ಹಾರ್ಡ್ ಡಿಸ್ಕ್‌ಗಳ ಕೇಬಲ್ ಕಿತ್ತಿಡಿ, ಇಲ್ಲವಾದರೆ ಸೆಟಪ್ ಬೂಟ್ ಪಾರ್ಟಿಶನ್ನನ್ನು ಹಳೆಯ ಡಿಸ್ಕ್‌ನಲ್ಲಿ ಬರೆದುಬಿಡಬಹುದು. ಕೆಲಸ ಮುಗಿದ ಮೇಲೆ ಕ್ಲೋವರ್‌ನ ಸಂರಚನಾ ಕಡತದಲ್ಲಿ ಕಾಯುವ ಸಮಯವನ್ನು ಕೆಲವೇ ಸೆಕೆಂಡುಗಳಿಗೆ ಇಳಿಸಿ, ಎನ್‌ವಿಎಂಇ ಡ್ರೈವಿನ ಇಎಫ್‌ಐ ಪಾರ್ಟಿಶನ್ನನ್ನು ಪೂರ್ವನಿಯೋಜಿತ ಆಯ್ಕೆಯಾಗಿಸಿದರೆ, ಪ್ರತಿ ಸಲ ಮೆನುವಿನ ಮುಂದೆ ಕೂರಬೇಕಿಲ್ಲ. ಪೆನ್‌ಡ್ರೈವ್ ಸದಾ ಚುಚ್ಚಿಕೊಂಡೇ ಇರಬೇಕು. ಹಿಂಬದಿಯ ಪೋರ್ಟಿಗೆ ಹಾಕಿದರೆ ಯಾರೂ ಕೀಳುವುದಿಲ್ಲ. ಹಳೆಯ ಸೇಟಾ ಡಿಸ್ಕ್ ಒಂದು ಉಳಿದಿದ್ದರೆ ಅದರ ಫ್ಯಾಟ್32 ಪಾರ್ಟಿಶನ್‌ನಲ್ಲೂ ಕ್ಲೋವರ್ ಇಡಬಹುದು.

ಹಾಗಿದ್ದರೆ ವಿಂಡೋಸ್‌ನ ಬೂಟ್ ಪಾರ್ಟಿಶನ್ನನ್ನೇ ಸೇಟಾ ಡಿಸ್ಕ್‌ನಲ್ಲಿಟ್ಟರೆ ಕ್ಲೋವರ್ ಏಕೆ ಬೇಕು ಎಂದು ಕೇಳುವವರಿದ್ದಾರೆ. ಅದು ನಡೆಯುವುದಿಲ್ಲ. ವಿಂಡೋಸ್ ಬೂಟ್ ಮ್ಯಾನೇಜರ್ ಸೇಟಾ ಡಿಸ್ಕ್‌ನಿಂದ ಎದ್ದರೂ ಮುಂದಿನ ಲೋಡರ್ ಮತ್ತು ಕರ್ನೆಲ್ ಇರುವುದು ಎನ್‌ವಿಎಂಇಯಲ್ಲಿ, ಅವುಗಳನ್ನು ಓದಲು ಅದು ಮತ್ತೆ ಫರ್ಮ್‌ವೇರ್‌ನ ಮೊರೆಯನ್ನೇ ಹೋಗುತ್ತದೆ. ಲಿನಕ್ಸ್‌ನಲ್ಲಿ ಮಾತ್ರ ಈ ತೊಡಕಿಲ್ಲ. ಕರ್ನೆಲ್ ಮತ್ತು ಇನಿಟ್‌ರ‍್ಯಾಮ್‌ಎಫ್‌ಎಸ್ (ಆರಂಭಕ್ಕೆ ಬೇಕಾದ ಡ್ರೈವರ್‌ಗಳ ಗಂಟು) ಎರಡೂ ಬೂಟ್ ಎಂಬ ಒಂದೇ ಡೈರೆಕ್ಟರಿಯಲ್ಲಿರುವುದರಿಂದ, ಅದಕ್ಕೆ ಹಳೆಯ ಡಿಸ್ಕ್ ಅಥವಾ ಪೆನ್‌ಡ್ರೈವ್‌ನಲ್ಲಿ ಒಂದು ಜಿಬಿ ಜಾಗ ಕೊಟ್ಟು, ಮೂಲ ಪಾರ್ಟಿಶನ್ನನ್ನು ಎನ್‌ವಿಎಂಇಯಲ್ಲಿಟ್ಟರೆ ಮುಗಿಯಿತು. ಕರ್ನೆಲ್ ಒಮ್ಮೆ ಎದ್ದ ಮೇಲೆ ತನ್ನದೇ ಡ್ರೈವರ್ ಬಳಸುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿರುವುದನ್ನೂ, ವಿಂಡೋಸ್ 11 ಈ ಪ್ರೊಸೆಸರ್‌ಗಳನ್ನು ಅಧಿಕೃತವಾಗಿ ಒಪ್ಪದಿರುವುದನ್ನೂ ನೆನೆದರೆ, ಈ ಯಂತ್ರಗಳಿಗೆ ಲಿನಕ್ಸ್ ತಕ್ಕ ಆಯ್ಕೆಯೇ ಸರಿ. ವಿಂಡೋಸ್ 7 ಬೇಕೇ ಬೇಕು ಎನ್ನುವವರು ಎನ್‌ವಿಎಂಇಗಾಗಿ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ್ದ ಹಾಟ್‌ಫಿಕ್ಸನ್ನು ಅನುಸ್ಥಾಪನಾ ಕಡತಗಳಿಗೆ ಮೊದಲೇ ಸೇರಿಸಿಕೊಳ್ಳಬೇಕಾಗುತ್ತದೆ.

ಎರಡನೆಯ ದಾರಿ: ಬಯಾಸ್‌ಗೇ ಡ್ರೈವರ್ ಸೇರಿಸುವುದು

ಪೆನ್‌ಡ್ರೈವ್‌ನ ಹಂಗು ಬೇಡವೆನ್ನುವವರಿಗೆ, ಬೋರ್ಡಿನಲ್ಲಿ ಎಎಂಐ ಕಂಪನಿಯ ಆಪ್ಟಿಯೊ ಯುಇಎಫ್‌ಐ ಇದ್ದರೆ, ಈ ದಾರಿ ಇದೆ. ಎಚ್61 ಕಾಲದ ಕೆಲವು ಬೋರ್ಡುಗಳಲ್ಲಿ ಇನ್ನೂ ಅವಾರ್ಡ್‌ನ ಹಳೆಯ ಬಯಾಸ್ ಇರುತ್ತದೆ. ಅವುಗಳಿಗೆ ಇದು ಸಲ್ಲದು. ದೊಡ್ಡ ಕಂಪನಿಗಳ ಬ್ರ್ಯಾಂಡೆಡ್ ಯಂತ್ರಗಳೂ ಲ್ಯಾಪ್‌ಟಾಪ್‌ಗಳೂ ಬಯಾಸ್‌ನ ಡಿಜಿಟಲ್ ಸಹಿಯನ್ನು ಪರೀಕ್ಷಿಸುವುದುಂಟು, ಅಲ್ಲಿಯೂ ಕ್ಲೋವರ್ ಲೇಸು.

ಬೋರ್ಡಿನ ಮಾದರಿಯ ಜೊತೆಗೆ ಅದರ ಮೇಲೆ ಅಚ್ಚಾಗಿರುವ ರಿವಿಷನ್ ಸಂಖ್ಯೆಯನ್ನೂ ಹೊಂದಿಸಿಕೊಂಡು ಇತ್ತೀಚಿನ ಬಯಾಸ್ ಕಡತ ಇಳಿಸಿಕೊಳ್ಳಿ. ಅದನ್ನು ಬಯಾಸ್ ಕಡತ ಬಿಡಿಸಿ ತಿದ್ದುವ ಯುಇಎಫ್‌ಐಟೂಲ್‌ನ 0.28 ಆವೃತ್ತಿಯಲ್ಲಿ ತೆರೆಯಿರಿ. ಹೆಸರಿನ ಕೊನೆಯಲ್ಲಿ ಎನ್‌ಇ ಎಂದಿರುವ ಹೊಸ ಆವೃತ್ತಿಗಳು ಕಡತವನ್ನು ತೋರಿಸುತ್ತವೆಯೇ ಹೊರತು ತಿದ್ದಲು ಬಿಡುವುದಿಲ್ಲ. ಪಠ್ಯ ಹುಡುಕಾಟದಲ್ಲಿ ಡಿಎಕ್ಸ್‌ಇ ಕೋರ್ (DxeCore) ಎಂಬುದನ್ನು ಹುಡುಕಿದರೆ ಅದು ಯಾವ ವಾಲ್ಯೂಮ್‌ನಲ್ಲಿದೆಯೆಂದು ತಿಳಿಯುತ್ತದೆ. ಆ ವಾಲ್ಯೂಮ್‌ನ ಕಟ್ಟಕಡೆಯ ಡಿಎಕ್ಸ್‌ಇ ಡ್ರೈವರ್ ಮೇಲೆ ಬಲ ಕ್ಲಿಕ್ ಮಾಡಿ, ಇನ್ಸರ್ಟ್ ಆಫ್ಟರ್ ಆರಿಸಿ, ಎಫ್‌ಎಫ್‌ಎಸ್ (ಫರ್ಮ್‌ವೇರ್‌ನೊಳಗಿನ ಕಡತಗಳ) ರೂಪದ ಎನ್‌ವಿಎಂಇ ಡ್ರೈವರನ್ನು ಸೇರಿಸಿ, ಹೊಸ ಹೆಸರಿನಲ್ಲಿ ಉಳಿಸಿ. ಜಾಗ ಸಾಲದು ಎಂದರೆ ಇದೇ ಡ್ರೈವರಿನ ಕುಗ್ಗಿಸಿದ ಆವೃತ್ತಿ ಬಳಸಬಹುದು. ಇರುವ ಬೇರಾವುದೋ ಮಾಡ್ಯೂಲ್ ಕಿತ್ತು ಜಾಗ ಮಾಡಲು ಹೋಗಬೇಡಿ.

ಈಗ ಹೆಚ್ಚಿನವರು ಅವಸರಪಡುವ ಘಟ್ಟ. ಮೂಲ ಕಡತವನ್ನೂ ತಿದ್ದಿದ ಕಡತವನ್ನೂ ಎರಡು ಕಿಟಕಿಗಳಲ್ಲಿ ಪಕ್ಕಪಕ್ಕ ತೆರೆದು ಹೋಲಿಸಿ. ಹೊಸ ಡ್ರೈವರ್ ಒಂದನ್ನು ಬಿಟ್ಟು ಉಳಿದೆಲ್ಲ ಅದೇ ಕ್ರಮದಲ್ಲಿರಬೇಕು; ಮುಖ್ಯವಾಗಿ ಪ್ಯಾಡ್ ಫೈಲ್ ಎಂದು ಕಾಣುವ ಖಾಲಿ ತುಣುಕುಗಳು ಮಾಯವಾಗಿರಬಾರದು, ಹೊಸದಾಗಿ ಹುಟ್ಟಿಕೊಂಡಿರಲೂಬಾರದು. ವ್ಯತ್ಯಾಸ ಕಂಡರೆ ಆ ಕಡತವನ್ನು ಫ್ಲ್ಯಾಶ್ ಮಾಡಲೇಬೇಡಿ (ಚಿಪ್‌ಗೆ ಬರೆಯಲೇಬೇಡಿ), ಬೋರ್ಡ್ ಮತ್ತೆ ಏಳದೇ ಹೋಗಬಹುದು.

ಫ್ಲ್ಯಾಶ್ ಮಾಡುವ ಮುನ್ನ ಚಿಪ್‌ನಲ್ಲಿರುವ ಈಗಿನ ಬಯಾಸ್‌ನ ಪೂರ್ಣ ನಕಲನ್ನು ತೆಗೆದು ಬೇರೆ ಯಂತ್ರದಲ್ಲಿಡಿ, ಏಕೆಂದರೆ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ, ಸೀರಿಯಲ್ ಸಂಖ್ಯೆಗಳು ಅನೇಕ ಬೋರ್ಡುಗಳಲ್ಲಿ ಅದರೊಳಗೇ ಇರುತ್ತವೆ. ತಿದ್ದಿದ ಕಡತವನ್ನು ಬಯಾಸ್‌ನೊಳಗಿನ ಫ್ಲ್ಯಾಶ್ ಸಾಧನ ಒಪ್ಪದಿರಬಹುದು. ಆಸೂಸ್‌ನ ಕೆಲವು ಬೋರ್ಡುಗಳ ಯುಎಸ್‌ಬಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇಂಥಲ್ಲಿ ಕೈಹಿಡಿಯುತ್ತದೆ. ಗಿಗಾಬೈಟ್‌ನ ಡ್ಯುಯಲ್ ಬಯಾಸ್ ಇದ್ದರೆ ಎರಡನೆಯ ಚಿಪ್ಪಿನ ಆಸರೆ ಇರುತ್ತದೆ. ಎರಡೂ ಇಲ್ಲದವರು ಸಿಎಚ್341ಎ ಎಂಬ ಅಗ್ಗದ ಪ್ರೋಗ್ರಾಮರ್ ಮತ್ತು ಎಂಟು ಕಾಲಿನ ಕ್ಲಿಪ್ಪನ್ನು ಮೊದಲೇ ಕೊಂಡಿಟ್ಟುಕೊಳ್ಳಬೇಕು. ಇದರ ಕಪ್ಪು ಬಣ್ಣದ ಕೆಲವು ಪ್ರೋಗ್ರಾಮರ್‌ಗಳು 3.3 ವೋಲ್ಟ್‌ನ ಚಿಪ್ಪಿನ ದತ್ತಾಂಶ ಕಾಲುಗಳಿಗೆ 5 ವೋಲ್ಟ್ ಕೊಡುತ್ತವೆ, ಮೀಟರ್ ಹಿಡಿದು ನೋಡಿಯೇ ಬಳಸಿ. ಯುಪಿಎಸ್ ಇಲ್ಲದೆ, ಅದರಲ್ಲೂ ಮಳೆಗಾಲದ ಸಂಜೆ, ಈ ಕೆಲಸಕ್ಕೆ ಕೂರಬೇಡಿ.

ಫ್ಲ್ಯಾಶ್ ಆದ ಮೇಲೆ ಬಯಾಸ್ ಮೂಲ ಸ್ಥಿತಿಗೆ ತಂದು, ಸೆಕ್ಯೂರ್ ಬೂಟ್ ಆಫ್ ಮಾಡಿ, ಹಳೆಯ ಬಗೆಯ ಬೂಟ್‌ಗೆ ಅವಕಾಶ ಕೊಡುವ ಸಿಎಸ್‌ಎಂ ಅನ್ನು ನಿಷ್ಕ್ರಿಯಗೊಳಿಸಿ ಅಥವಾ ಅದರೊಳಗೆ ಸ್ಟೋರೇಜ್‌ಗೆ ಯುಇಎಫ್‌ಐ ಮಾತ್ರ ಎಂದು ಆಯ್ದುಕೊಳ್ಳಿ. ಡ್ರೈವಿನ ಹೆಸರು ಪಟ್ಟಿಯಲ್ಲಿ ಕಾಣದೆ ಪಾಟಾ ಎಸ್‌ಎಸ್ ಎಂಬ ವಿಚಿತ್ರ ಸಾಲೊಂದು ಕಂಡರೆ ಗಾಬರಿಯಾಗಬೇಡಿ, ಆಪ್ಟಿಯೊ 4 ಎನ್‌ವಿಎಂಇಯನ್ನು ಕರೆಯುವುದೇ ಹಾಗೆ. ಜಿಪಿಟಿ ಎಂಬ ಪಾರ್ಟಿಶನ್ ಕ್ರಮದಲ್ಲಿ ವಿಂಡೋಸ್ ಅನುಸ್ಥಾಪಿಸಿದ ಮೇಲೆ ವಿಂಡೋಸ್ ಬೂಟ್ ಮ್ಯಾನೇಜರ್ ಎಂಬ ಹೆಸರು ಬರುತ್ತದೆ. ಅದನ್ನೇ ಮೊದಲ ಸ್ಥಾನದಲ್ಲಿಡಿ.

ಕೊನೆಗೆ ಕ್ರಿಸ್ಟಲ್ ಡಿಸ್ಕ್ ಇನ್ಫೊದಲ್ಲಿ ಡ್ರೈವಿನ ಈಗಿನ ಲಿಂಕ್ ಎಷ್ಟು ಲೇನಿನದು, ಯಾವ ತಲೆಮಾರಿನದು ಎಂದು ನೋಡಿ. ನಾಲ್ಕು ಲೇನ್ ಇರಬೇಕಾದಲ್ಲಿ ಒಂದೇ ಕಂಡರೆ ಅಡಾಪ್ಟರ್ ಸರಿಯಾಗಿ ಕೂತಿಲ್ಲ, ಇಲ್ಲವೇ ಉದ್ದದ ಸ್ಲಾಟಿಗೆ ಒಳಗೆ ತಂತಿ ಎಳೆದಿರುವುದು ಒಂದೇ ಲೇನಿಗೆ. ಬೋರ್ಡಿನ ಕೈಪಿಡಿಯಲ್ಲಿ ಸ್ಲಾಟುಗಳ ಪುಟ ತೆರೆದರೆ ಯಾವುದೆಂದು ತಿಳಿಯುತ್ತದೆ.