ಓಪಲ್ ಉಂಗುರವನ್ನು ಹಾಲಿಗೆ ಹಾಕುವ ಮುನ್ನ

ಶುಕ್ರನಿಗೆ ವಜ್ರ ಹಾಕಿಸಲು ದುಡ್ಡು ಸಾಲದವರಿಗೆ ಜ್ಯೋತಿಷಿಗಳು ಓಪಲ್ ಹೇಳುತ್ತಾರೆ. ಬೆಳ್ಳಿಯಲ್ಲಿ ಕಟ್ಟಿಸಿ, ಶುಕ್ರವಾರ ಬೆಳಿಗ್ಗೆ ಹಸಿ ಹಾಲಿನಲ್ಲಿ ನೆನೆಸಿ, ಪೂಜೆ ಮಾಡಿ ಹಾಕಿಕೊಳ್ಳಿ ಅಂತಾರೆ. ನಾನು ನೋಡಿದ ಹಾಳಾದ ಓಪಲ್‌ಗಳಲ್ಲಿ ಹೆಚ್ಚಿನವು ಕೆಟ್ಟಿದ್ದು ಆ ಮೊದಲ ಶುಕ್ರವಾರವೇ.

ಓಪಲ್ ಅಂದರೆ ಸಿಲಿಕಾ ಮತ್ತು ನೀರು. ಸಾಮಾನ್ಯವಾಗಿ ಅದರ ತೂಕದಲ್ಲಿ ಶೇ 6ರಿಂದ 10ರಷ್ಟು ನೀರೇ ಇರುತ್ತದೆ. ಸಿಲಿಕಾದ ಅತಿ ಸಣ್ಣ ಗುಂಡುಗಳು ಒಳಗೆ ಸಾಲುಗಟ್ಟಿ ಕೂತಿರುತ್ತವೆ. ಬೆಳಕು ಆ ಸಾಲುಗಳಲ್ಲಿ ಚದುರಿದಾಗ ಕೆಂಪು, ಹಸಿರು, ನೀಲಿ ಮಿಂಚುತ್ತದೆ. ಇಂಥ ಕಲ್ಲನ್ನು ನೀಲ, ಮಾಣಿಕ್ಯದ ಹಾಗೆ ನೋಡಿಕೊಂಡರೆ ಆಗಲ್ಲ.

1. ನಿಮ್ಮದು ಯಾವ ಓಪಲ್ ಎಂದು ಮೊದಲು ಕೇಳಿ

ಆಸ್ಟ್ರೇಲಿಯಾದ ಕೂಬರ್ ಪೀಡಿಯ ಬಿಳಿ ಓಪಲ್ ಮತ್ತು ಲೈಟ್ನಿಂಗ್ ರಿಡ್ಜ್‌ನ ಕಪ್ಪು ಓಪಲ್ ಸಾಮಾನ್ಯವಾಗಿ ನೀರು ಕುಡಿಯುವುದಿಲ್ಲ. ಇಥಿಯೋಪಿಯಾದ ವೆಲೋ ಕಲ್ಲು ಕುಡಿಯುತ್ತದೆ. 2008ರಲ್ಲಿ ಅಲ್ಲಿ ದೊಡ್ಡ ನಿಕ್ಷೇಪ ಸಿಕ್ಕ ಮೇಲೆ ಆ ಕಲ್ಲು ಜೈಪುರಕ್ಕೆ ಬಂದು, ಅಲ್ಲಿ ಕತ್ತರಿಸಿಕೊಂಡು, ನಮ್ಮ ಅಂಗಡಿಗಳನ್ನೂ ತುಂಬಿದೆ. ಬೆಲೆ ಕಡಿಮೆ, ಬಣ್ಣ ಜಾಸ್ತಿ. ಹಾಗಾಗಿ ಬಿಲ್‌ನಲ್ಲಿ ಯಾವ ದೇಶದ್ದು ಎಂದು ಬರೆಸಿಕೊಳ್ಳಿ. ಬರೆಯಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.

ಮೂರನೆಯದು ಅಂಟಿಸಿದ ಕಲ್ಲು. ತೆಳ್ಳಗಿನ ಓಪಲ್ ಪದರವನ್ನು ಕಪ್ಪು ಬಿಲ್ಲೆಯ ಮೇಲೆ ಅಂಟಿಸಿದರೆ ಡಬ್ಲೆಟ್. ಅದರ ಮೇಲೆ ಗಾಜು ಅಥವಾ ಸ್ಫಟಿಕದ ಮುಚ್ಚಳ ಕೂರಿಸಿದರೆ ಟ್ರಿಪ್ಲೆಟ್. ಕಲ್ಲನ್ನು ಪಕ್ಕದಿಂದ ನೋಡಿ. ಸ್ಕೇಲಿನಲ್ಲಿ ಎಳೆದಂಥ ನೇರ ಗೆರೆ ಕಂಡರೆ ಅಂಟಿಸಿದ್ದೆಂದು ಅನುಮಾನಿಸಿ. ಕ್ವೀನ್ಸ್‌ಲ್ಯಾಂಡ್‌ನ ಬೌಲ್ಡರ್ ಓಪಲ್‌ಗೂ ಹಿಂದೆ ಕಂದು ಕಲ್ಲು ಇರುತ್ತದೆ, ಆದರೆ ಆ ಗೆರೆ ಸಾಮಾನ್ಯವಾಗಿ ಅಂಕುಡೊಂಕು. ಹಿಂಬದಿ ಮುಚ್ಚಿದ ಉಂಗುರದಲ್ಲಿ ಇದೇನೂ ಕಾಣದು. ಕಟ್ಟಿಸುವ ಮುಂಚೆಯೇ ನೋಡಿಕೊಳ್ಳಿ.

'ಓಪಲೈಟ್' ಅಂತ ಹಾಲು ಬಣ್ಣದ, ನೀಲಿ ಛಾಯೆಯ ಗಾಜೂ ಮಾರಾಟವಾಗುತ್ತದೆ. ಅದನ್ನು ಓಪಲ್ ಎಂದು ಯಾರಾದರೂ ಕೊಟ್ಟರೆ ಸುಮ್ನೆ ವಾಪಸ್ ಕೊಡಿ.

2. ಪೂಜೆ

ಎಲ್ಲರೂ ಎಡವುವುದು ಇಲ್ಲೇ. ವೆಲೋ ಓಪಲ್‌ನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ನೀರಲ್ಲಿ ಇಟ್ಟರೆ ಹೀರಿಕೊಂಡು ಗಾಜಿನ ಹಾಗೆ ತಿಳಿಯಾಗುತ್ತದೆ, ಮಿಂಚು ಮಾಯವಾಗುತ್ತದೆ. ಬರೀ ನೀರಾದರೆ ಒಣಗಿದ ಮೇಲೆ ಸಾಮಾನ್ಯವಾಗಿ ಬಣ್ಣ ಮರಳುತ್ತದೆ. ಆದರೆ ಹಾಲು, ಜೇನು, ಸಕ್ಕರೆ ಸೇರಿದ ಪಂಚಾಮೃತದಿಂದ ನೀರು ಮಾತ್ರ ಆವಿಯಾಗಿ ಹೋಗುತ್ತದೆ. ಅದರಲ್ಲಿ ಕರಗಿದ್ದು ಒಳಗೇ ಉಳಿಯಬಹುದು. ತುಪ್ಪ, ಎಣ್ಣೆ ತಾಗಿದರೆ ಕಲ್ಲು ಮಂಕಾಗುತ್ತದೆ. ಅರಿಸಿನದ ಬಣ್ಣ ಒಳಗೆ ಇಳಿದರೆ ತೆಗೆಯುವುದು ಬಹಳ ಕಷ್ಟ. ಪರಿಚಯದವರೊಬ್ಬರ ಉಂಗುರ ನೋಡಿದ್ದೇನೆ: ಅರಿಸಿನ ಕುಂಕುಮ ಹಚ್ಚಿದ ಜಾಗದಲ್ಲಿ ಕಲ್ಲಿನ ಅಂಚು ಹಳದಿ, ನಡುವೆ ಮಾತ್ರ ಒಂಚೂರು ಹಸಿರು ಮಿಂಚು.

ಪೂಜೆ ಬಿಡಿ ಅಂತ ಹೇಳುತ್ತಿಲ್ಲ. ಹೀಗೆ ಮಾಡಿ. ವೀಳ್ಯದೆಲೆ ಚೆನ್ನಾಗಿ ಒರೆಸಿ, ಅದರ ಮೇಲೆ ಉಂಗುರವನ್ನು ಒಣಗಿದ್ದಂತೆಯೇ ಇಡಿ. ಹಾಲಿನ ಬಟ್ಟಲು ಪಕ್ಕದಲ್ಲಿರಲಿ. ಅಭಿಷೇಕ ಆಗಲೇಬೇಕು ಎಂದರೆ ಹೂವಿನ ಎಸಳನ್ನು ಹಾಲಿಗೆ ಅದ್ದಿ, ಬೆರಳ ಕೆಳಗೆ ಬರುವ ಬೆಳ್ಳಿಯ ಭಾಗಕ್ಕೆ ಮಾತ್ರ ಮುಟ್ಟಿಸಿ. ಗಂಧ, ಅರಿಸಿನ, ಕುಂಕುಮ ಎಲೆಗೆ ಹಚ್ಚಿ, ಕಲ್ಲಿಗೆ ಬೇಡ. ಆರತಿ ತಟ್ಟೆಯಲ್ಲಿ ಕರ್ಪೂರದ ಪಕ್ಕ ಉಂಗುರ ಇಡಲೇಬೇಡಿ. ಆ ಬಿಸಿ ಯಾವ ಓಪಲ್‌ಗೂ ಆಗುವುದಿಲ್ಲ. ಪುರೋಹಿತರಿಗೆ ಮೊದಲೇ ಹೇಳಿಟ್ಟರೆ ಬೇಸರ ಮಾಡಿಕೊಳ್ಳುವುದಿಲ್ಲ.

ಆಸ್ಟ್ರೇಲಿಯಾದ ಗಟ್ಟಿ ಓಪಲ್ ಹಾಲಲ್ಲಿ ಒಂದು ನಿಮಿಷ ಇದ್ದು ಬಂದರೆ ಏನೂ ಆಗದು. ಅಂಟಿಸಿದ್ದಾದರೆ ನೆನೆಸಿದಷ್ಟೂ ಅಂಟು ಸಡಿಲವಾಗುತ್ತದೆ. ಅಂಚಿನಿಂದ ಒಳಕ್ಕೆ ಮಂಜು ಹಿಡಿದಂತೆ ಬಿಳಿ ಮಸುಕು ಹರಡುತ್ತದೆ. ಅಲ್ಲಿಗೆ ಆ ಕಲ್ಲಿನ ಕಥೆ ಮುಗಿಯಿತು.

3. ಒದ್ದೆಯಾಗಿ ಹೋಗಿದ್ದರೆ

ವೆಲೋ ಕಲ್ಲು ನೆನೆದು ಬಣ್ಣ ಹೋದರೆ ಗಾಬರಿಯಾಗಬೇಡಿ. ಗಾಬರಿಯಲ್ಲಿ ಮಾಡುವ ಕೆಲಸವೇ ಅದನ್ನು ಕೊಲ್ಲುವುದು. ಹೇರ್ ಡ್ರೈಯರ್ ಹಿಡಿಯುತ್ತಾರೆ, ಬಿಸಿಲಿಗೆ ಇಡುತ್ತಾರೆ, ಅಕ್ಕಿ ಡಬ್ಬಿಯಲ್ಲಿ ಹೂಳುತ್ತಾರೆ. ನೀರು ಅವಸರದಲ್ಲಿ ಹೊರಟರೆ ಮೇಲ್ಮೈ ಕುಗ್ಗಿ, ಜೇಡರ ಬಲೆಯಂಥ ಸಣ್ಣ ಸಣ್ಣ ಬಿರುಕು ಬೀಳುತ್ತದೆ. ಬಿದ್ದ ಬಿರುಕು ಹೋಗುವುದಿಲ್ಲ. ಎಣ್ಣೆ ಹಚ್ಚಿ ಮುಚ್ಚುತ್ತೇವೆ ಅನ್ನುವವರಿದ್ದಾರೆ, ಅದು ಮಾರಲಿಕ್ಕಷ್ಟೇ ಮಾಡುವ ಕೆಲಸ. ಮೆತ್ತಗಿನ ಹತ್ತಿ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಫ್ಯಾನ್ ಗಾಳಿ ಬೀಳದ ನೆರಳಿನಲ್ಲಿ ಬಿಡಿ. ಕೆಲವು ದಿನ ಬೇಕಾಗಬಹುದು, ದಪ್ಪ ಕಲ್ಲಿಗೆ ವಾರಗಳೇ ಬೇಕಾಗಬಹುದು. ಅಷ್ಟರವರೆಗೆ ಅದನ್ನು ಹಾಕಿಕೊಳ್ಳಬೇಡಿ.

4. ದಿನನಿತ್ಯ

ಓಪಲ್‌ನ ಗಡಸುತನ ಮೋಸ್ ಮಾನದಲ್ಲಿ 5.5ರಿಂದ 6.5. ನಮ್ಮ ಮನೆಯ ಧೂಳಿನಲ್ಲಿರುವ ಮರಳಿನ ಕಣ 7. ಅಂದರೆ ಒಣಬಟ್ಟೆಯಲ್ಲಿ ಧೂಳು ಉಜ್ಜಿದರೂ ಗೀರು ಬೀಳಬಹುದು. ಮೊದಲು ಊದಿ ಅಥವಾ ಮೆತ್ತಗಿನ ಬ್ರಷ್‌ನಿಂದ ಧೂಳು ಸರಿಸಿ, ಆಮೇಲೆ ಒರೆಸಿ. ಪಾತ್ರೆ ತೊಳೆಯುವಾಗ, ಸ್ನಾನ ಮಾಡುವಾಗ, ಮೆಹಂದಿ ಹಾಕಿಸಿಕೊಳ್ಳುವಾಗ ಉಂಗುರ ತೆಗೆದಿಡಿ. ನನ್ನನ್ನು ಕೇಳಿದರೆ ಓಪಲ್ ಕಿವಿಗೆ ಅಥವಾ ಕೊರಳಿಗೆ. ಕೈ ದಿನವಿಡೀ ಎಲ್ಲಿಗಾದರೂ ಬಡಿಯುತ್ತಲೇ ಇರುತ್ತೆ, ಅಲ್ವಾ? ಉಂಗುರವೇ ಬೇಕಾದರೆ ಕಲ್ಲನ್ನು ಲೋಹದ ಹಲ್ಲುಗಳಲ್ಲಿ ಹಿಡಿಸುವುದು ಬೇಡ, ಸುತ್ತಲೂ ಲೋಹದ ಅಂಚು ಕಟ್ಟಿಸಿ.

5. ಬೆಳ್ಳಿ ಕಪ್ಪಾದಾಗ

ಓಪಲ್ ಇರುವುದು ಹೆಚ್ಚಾಗಿ ಬೆಳ್ಳಿಯಲ್ಲಿ. ಬೆಳ್ಳಿ ಕಪ್ಪಾದರೆ ಟೂತ್‌ಪೇಸ್ಟ್, ವಿಭೂತಿ, ಹುಣಸೆಹಣ್ಣು ಎಲ್ಲ ಹೊರಗೆ ಬರುತ್ತವೆ. ದೇವರ ದೀಪಕ್ಕೆ ಅವು ಸರಿ, ಈ ಉಂಗುರಕ್ಕೆ ಬೇಡ. ಕ್ಷಣದಲ್ಲಿ ಫಳಫಳ ಎನ್ನುವ ಅದ್ದುವ ದ್ರಾವಣಗಳನ್ನಂತೂ ಹತ್ತಿರ ತರಬೇಡಿ. ಬೆಳ್ಳಿ ಒರೆಸುವ ಬಟ್ಟೆ ಸಿಗುತ್ತದೆ. ಅದನ್ನು ಬೆರಳಿಗೆ ಸುತ್ತಿ, ಕಲ್ಲಿಗೆ ತಾಗದಂತೆ ಲೋಹವನ್ನಷ್ಟೇ ಉಜ್ಜಿ.

6. ಎತ್ತಿಡುವುದು

ಬೇರೆ ಕಲ್ಲುಗಳಿಂದ ದೂರ, ಸಣ್ಣ ಬಟ್ಟೆ ಚೀಲದಲ್ಲಿ. ಒಡವೆ ಡಬ್ಬಿಯೊಳಗಿನ ಸಿಲಿಕಾ ಜೆಲ್ ಪೊಟ್ಟಣ ಎತ್ತಿ ಬಿಸಾಡಿ, ತೇವ ಎಳೆಯುವುದೇ ಅದರ ಕೆಲಸ. ಒಣಗದಿರಲಿ ಎಂದು ನೀರಿನ ಬಾಟಲಿಯಲ್ಲೋ ಗ್ಲಿಸರಿನ್‌ನಲ್ಲೋ ಮುಳುಗಿಸಿಡುವುದೂ ಬೇಡ.

7. ಅಕ್ಕಸಾಲಿಗೆ ಕೊಡುವಾಗ

ಉಂಗುರದ ಅಳತೆ ಬದಲಿಸಬೇಕಾದರೆ ಕಲ್ಲು ಬಿಚ್ಚಿಸಿಯೇ ಬೆಂಕಿ ಮುಟ್ಟಿಸಬೇಕು. ಒಡವೆ ತೊಳೆಯುವ ಅಲ್ಟ್ರಾಸೋನಿಕ್ ಮಷಿನ್‌ಗೂ ಹಾಕಬಾರದು, ಸ್ಟೀಮ್ ಕೂಡ ಹೊಡೆಯಬಾರದು. ಬಾಯಲ್ಲಿ ಹೇಳಿದರೆ ಸಾಲದು. ಕೌಂಟರಿನಲ್ಲಿ ತೆಗೆದುಕೊಳ್ಳುವವರು ಬೇರೆ, ಒಳಗೆ ಕೆಲಸ ಮಾಡುವವರು ಬೇರೆ. 'ಓಪಲ್, ಬಿಸಿ ಬೇಡ' ಎಂದು ಚೀಟಿ ಬರೆದು ಉಂಗುರಕ್ಕೇ ಕಟ್ಟಿಕೊಡಿ.