ಮನೆಯಲ್ಲೇ ಜೋಡಿಸಿದ ಅಲಾರಂ ಸುಮ್ಮಸುಮ್ಮನೆ ಕೂಗದಂತೆ ಮಾಡುವ ಬಗೆ

ಬೇಸಿಗೆ ರಜೆಗೋ ಚೌತಿಗೋ ಊರಿಗೆ ಹೊರಟ ಮುಂಬೈ ಕನ್ನಡಿಗರ ಮನೆಗಳು ಎರಡು ಮೂರು ವಾರ ಬೀಗ ಹಾಕಿದಂತೆಯೇ ಇರುತ್ತವೆ. ಆ ಅವಧಿಗೆಂದೇ ಎಲೆಕ್ಟ್ರಾನಿಕ್ ಸಾಮಾನಿನ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸೆನ್ಸರ್, ರೀಡ್ ಸ್ವಿಚ್ (ಆಯಸ್ಕಾಂತ ಹತ್ತಿರವಿದೆಯೇ ಇಲ್ಲವೇ ಎಂಬುದರಿಂದ ಬಾಗಿಲು ತೆರೆದದ್ದನ್ನು ತಿಳಿಸುವ ಸ್ವಿಚ್), ಸೈರನ್‌ಗಳನ್ನು ಬಿಡಿಬಿಡಿಯಾಗಿ ಕೊಂಡು ಭದ್ರತಾ ವ್ಯವಸ್ಥೆಯನ್ನು ತಾವೇ ಜೋಡಿಸಿಕೊಳ್ಳುವವರಿದ್ದಾರೆ. ಜೋಡಿಸುವುದು ಅಂಥ ದೊಡ್ಡ ಕೆಲಸವೇನಲ್ಲ; ಜೋಡಿಸಿದ್ದು ಕಾರಣವಿಲ್ಲದೆ ಕೂಗದಂತೆ ನೋಡಿಕೊಳ್ಳುವುದು ಕಷ್ಟ. ಎರಡು ಮೂರು ಸಲ ಹುಸಿ ಅಲಾರಂ ಕೇಳಿದ ಮೇಲೆ ಸೊಸೈಟಿಯ ವಾಚ್‌ಮನ್ ಮೆಟ್ಟಿಲು ಹತ್ತುವ ಗೋಜಿಗೆ ಹೋಗುವುದಿಲ್ಲ, ಎದುರು ಫ್ಲ್ಯಾಟಿನವರು ಬಾಗಿಲು ತೆರೆದು ನೋಡುವುದಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಸ್ಕ್ರೂಡ್ರೈವರ್ ಹಿಡಿದು ಮೊದಲು ಸೆನ್ಸರಿನ ಸೂಕ್ಷ್ಮತೆಯನ್ನು ತಗ್ಗಿಸುತ್ತಾರೆ. ನನ್ನ ಪ್ರಕಾರ ಅದು ಎಲ್ಲಕ್ಕಿಂತ ಕೊನೆಗೆ ಮಾಡಬೇಕಾದ ಕೆಲಸ, ಏಕೆಂದರೆ ಸೂಕ್ಷ್ಮತೆ ತಗ್ಗಿದ ಸೆನ್ಸರ್ ಕಳ್ಳನನ್ನೂ ಬಿಟ್ಟುಬಿಡುತ್ತದೆ, ಹುಸಿ ಅಲಾರಂನ ಕಾರಣ ಮಾತ್ರ ಇದ್ದಲ್ಲೇ ಇರುತ್ತದೆ.

ಮೊದಲು ಮಾಡಬೇಕಾದದ್ದು ಸೈರನ್ನಿನ ತಂತಿಯನ್ನು ಬಿಡಿಸಿಟ್ಟು, ವ್ಯವಸ್ಥೆಯನ್ನು ಒಂದು ವಾರ ಬರಿಯ ದಾಖಲೆಗಾಗಿ ನಡೆಸುವುದು. ಯಾವ ಸೆನ್ಸರ್, ಯಾವ ಗಂಟೆ, ಎಷ್ಟು ಸೆಕೆಂಡ್ ಎಂಬುದು ಪ್ರತಿ ಸಲವೂ ದಾಖಲಾಗಬೇಕು. ದಿನವೂ ಸಂಜೆ ನಾಲ್ಕರ ಸುಮಾರಿಗೆ ಹಾಲ್‌ನ ಸೆನ್ಸರ್ ಎಚ್ಚರಗೊಳ್ಳುತ್ತಿದ್ದರೆ ಪಶ್ಚಿಮದ ಕಿಟಕಿಯ ಬಿಸಿಲನ್ನು ಅನುಮಾನಿಸಬೇಕು. ಕರೆಂಟು ಹೋಗಿ ಬಂದ ಕೂಡಲೇ ಎಲ್ಲವೂ ಒಟ್ಟಿಗೆ ಕೂಗಿದರೆ ವಿದ್ಯುತ್ ಪೂರೈಕೆಯನ್ನು ನೋಡಬೇಕು. ಮಳೆಗಾಳಿಯ ರಾತ್ರಿಗಳಲ್ಲಷ್ಟೇ ತೊಂದರೆಯಿದ್ದರೆ ಬಾಗಿಲು ಕಿಟಕಿಗಳ ಕಡೆಗೆ ತಿರುಗಬೇಕು.

ಹುಸಿ ಅಲಾರಂಗಳಲ್ಲಿ ದೊಡ್ಡ ಪಾಲು ಪಿಐಆರ್ ಸೆನ್ಸರಿನದೇ, ಅಂದರೆ ಕೋಣೆಯೊಳಗಿನ ಚಲನೆ ಹಿಡಿಯಲು ಇಡುವ ಸೆನ್ಸರಿನದೇ. ಅದು ಮನುಷ್ಯನನ್ನು ಗುರುತಿಸುವುದಿಲ್ಲ, ತನ್ನ ಎದುರಿನ ಶಾಖಕಿರಣಗಳಲ್ಲಾಗುವ ದಿಢೀರ್ ಬದಲಾವಣೆಯನ್ನು ಮಾತ್ರ ಗುರುತಿಸುತ್ತದೆ. ನೆಲದ ಮೇಲೆ ಸರಿಯುವ ಬಿಸಿಲ ತುಂಡು, ಗಾಳಿಗೆ ಅಲುಗುವ ಬೆಚ್ಚಗಿನ ಪರದೆ, ಏಸಿಯ ತಣ್ಣನೆಯ ಗಾಳಿ, ಇವೆಲ್ಲ ಅದಕ್ಕೆ ಚಲನೆಯೇ. ಹಲ್ಲಿಯ ಮೈ ಸುತ್ತಲಿನ ಗಾಳಿಯಷ್ಟೇ ಬಿಸಿಯಿರುವುದರಿಂದ ಗೋಡೆಯ ಮೇಲಿನ ಹಲ್ಲಿ ಸಾಮಾನ್ಯವಾಗಿ ತೊಂದರೆ ಕೊಡದು. ಅದೇ ಹಲ್ಲಿ ಬಿಳಿಯ ಲೆನ್ಸಿನ ಮೇಲೆಯೇ ಹರಿದಾಗ ಇಡೀ ಕೋಣೆಯೇ ಕದಲಿದಂತಾಗುತ್ತದೆ. ಆದ್ದರಿಂದ ಸೆನ್ಸರನ್ನು ನೆಲದಿಂದ 2ರಿಂದ 2.4 ಮೀಟರ್ ಎತ್ತರದಲ್ಲಿ, ಮೂಲೆಯಲ್ಲಿ, ಕಿಟಕಿಗೆ ಬೆನ್ನು ಮಾಡಿ ಕೂರಿಸಬೇಕು. ತಂತಿ ಹಾಯುವ ತೂತನ್ನು ಸಿಲಿಕೋನ್‌ನಿಂದ ಮುಚ್ಚಿ ಇರುವೆ, ಜಿರಲೆಗಳಿಗೆ ದಾರಿ ತಪ್ಪಿಸಬೇಕು. ನೇರ ಎದುರಿಗೆ ಬರುವವನಿಗಿಂತ ಅಡ್ಡ ಹಾಯುವವನನ್ನು ಈ ಸೆನ್ಸರ್ ಬೇಗ ಹಿಡಿಯುತ್ತದೆ. ಬಾಗಿಲಿನಿಂದ ಮಲಗುವ ಕೋಣೆಗೆ ಹೋಗುವ ದಾರಿ ಅದರ ನೋಟಕ್ಕೆ ಅಡ್ಡಲಾಗಿರುವಂತೆ ಜಾಗ ಆರಿಸಿದರೆ ಕಡಿಮೆ ಸೂಕ್ಷ್ಮತೆಯಲ್ಲೂ ಕೆಲಸ ನಡೆಯುತ್ತದೆ.

ಮುಂಬೈಯ ಹವೆಗೆ ವಿಶೇಷವಾದ ಒಂದು ತೊಡಕಿದೆ. ಮೇ ತಿಂಗಳಲ್ಲಿ ಮೇಲಂತಸ್ತಿನ ಮನೆಯ ಗೋಡೆಯೇ ಮನುಷ್ಯನ ಚರ್ಮದಷ್ಟು ಬಿಸಿಯಾಗುವುದರಿಂದ ಮೈಗೂ ಹಿನ್ನೆಲೆಗೂ ಇರುವ ಅಂತರ ಕುಗ್ಗಿ, ಸೆನ್ಸರ್ ಮಂಕಾಗುತ್ತದೆ. ಆಗ ನಾವು ಸೂಕ್ಷ್ಮತೆಯ ಸ್ಕ್ರೂವನ್ನು ಏರಿಸುತ್ತೇವೆ. ಜೂನ್‌ನಲ್ಲಿ ಮಳೆ ಹಿಡಿದು ಮನೆ ತಣ್ಣಗಾದ ಮೇಲೂ ಸ್ಕ್ರೂ ಅಲ್ಲೇ ಉಳಿಯುವುದರಿಂದ, ಪರದೆ ಮಿಸುಕಿದರೂ ಫೋನಿಗೆ ಸಂದೇಶ ಬರತೊಡಗುತ್ತದೆ. ಸ್ಕ್ರೂವಿನ ಪಕ್ಕ ಮಾರ್ಕರ್ ಪೆನ್ನಿನಿಂದ ಎರಡು ಗೆರೆ ಎಳೆದು, ಒಂದನ್ನು ಬೇಸಿಗೆಗೂ ಇನ್ನೊಂದನ್ನು ಮಳೆಗಾಲಕ್ಕೂ ಇಟ್ಟುಕೊಳ್ಳುವುದು ಒಳ್ಳೆಯದು.

ಎಚ್‌ಸಿ-ಎಸ್‌ಆರ್501 ಎಂಬ ಅಗ್ಗದ ಪಿಐಆರ್ ಸೆನ್ಸರ್ ಬಳಸುವವರು ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. ವಿದ್ಯುತ್ ಕೊಟ್ಟ ನಂತರ ಸುಮಾರು ಒಂದು ನಿಮಿಷ ಅದು ಸ್ಥಿರವಾಗಿರುವುದಿಲ್ಲ. ಆದ್ದರಿಂದ ಮೊದಲ 90 ಸೆಕೆಂಡ್ ಬಂದ ಸಂಕೇತಗಳನ್ನು ಪ್ರೋಗ್ರಾಂನಲ್ಲೇ ಕಡೆಗಣಿಸಬೇಕು. ಇನ್ನು, ಇಎಸ್‌ಪಿ8266ನಂಥ ವೈಫೈ ಬೋರ್ಡಿಗೆ ಅಂಟಿಕೊಂಡಂತೆ ಅದನ್ನು ಕೂರಿಸಿದರೆ, ಬೋರ್ಡು ಸಂದೇಶ ಕಳಿಸಿದಾಗಲೆಲ್ಲ ರೇಡಿಯೋ ಅಲೆಗಳಿಂದ ಸೆನ್ಸರ್ ತಾನಾಗಿ ಎಚ್ಚರಗೊಳ್ಳಬಹುದು. ಒಂದೇ ಡಬ್ಬಿಯಲ್ಲಿ ಎರಡನ್ನೂ ಅಡಗಿಸುವ ಆಸೆಯನ್ನು ಬಿಟ್ಟು, ನಡುವೆ ಒಂದಡಿಯಾದರೂ ತಂತಿ ಎಳೆಯುವುದು ಲೇಸು.

ಬಾಗಿಲಿನ ರೀಡ್ ಸ್ವಿಚ್ ನಂಬಿಕಸ್ತ ಸಾಧನ, ಆದರೆ ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಆಯಸ್ಕಾಂತಕ್ಕೂ ಸ್ವಿಚ್ಚಿಗೂ ನಡುವಿನ ಅಂತರ ಬದಲಾಗುತ್ತದೆ. ಬಾಗಿಲು ಮುಚ್ಚಿದಾಗ ಅಂತರ 10 ಮಿಲಿಮೀಟರ್ ಮೀರದಿರಲಿ. ಹೊರಗಿನ ಕಬ್ಬಿಣದ ಸೇಫ್ಟಿ ಡೋರ್‌ಗೆ ಆಯಸ್ಕಾಂತವನ್ನು ನೇರವಾಗಿ ಅಂಟಿಸಿದರೆ ಕಬ್ಬಿಣವೇ ಅದರ ಬಲವನ್ನು ಹೀರಿಕೊಳ್ಳುವುದರಿಂದ, ಕೆಳಗೊಂದು ಪ್ಲಾಸ್ಟಿಕ್ ಅಥವಾ ಮರದ ತುಂಡನ್ನು ಇಡಬೇಕು. ಗಾಳಿಗೆ ಬಾಗಿಲು ಗಡಗಡಿಸುತ್ತಿದ್ದರೆ ಎಲೆಕ್ಟ್ರಾನಿಕ್ಸ್‌ಗೆ ಕೈಹಾಕುವ ಮೊದಲು ಚಿಲಕವನ್ನು ಸರಿಪಡಿಸಿಕೊಳ್ಳಿ. ಉದ್ದದ ತಂತಿ ಆಂಟೆನಾದಂತೆ ವರ್ತಿಸುತ್ತದೆ. ವ್ಯವಸ್ಥೆಯನ್ನು ನಡೆಸುವ ಮೈಕ್ರೋಕಂಟ್ರೋಲರ್ ಚಿಪ್ಪಿನ ಒಳಗಿನ ದುರ್ಬಲ ಪುಲ್‌ಅಪ್ಪನ್ನು (ಇನ್‌ಪುಟ್‌ನ ವೋಲ್ಟೇಜನ್ನು ಮೇಲೆ ಹಿಡಿದಿಡುವ ರೆಸಿಸ್ಟರನ್ನು) ನಂಬದೆ ಹೊರಗೆ 4.7 ಕಿಲೋಓಮ್‌ನ ರೆಸಿಸ್ಟರ್, ಇನ್‌ಪುಟ್‌ಗೂ ಗ್ರೌಂಡಿಗೂ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, 50 ಮಿಲಿಸೆಕೆಂಡಿಗಿಂತ ಚಿಕ್ಕ ಸಂಕೇತಗಳನ್ನು ತಳ್ಳಿಹಾಕಬೇಕು. ಸಮುದ್ರದ ಉಪ್ಪುಗಾಳಿಗೆ ತಿರುಚಿ ಬಿಟ್ಟ ಜೋಡಣೆಗಳು ಹಸಿರುಗಟ್ಟುತ್ತವೆ, ಹಾಗಾಗಿ ಪ್ರತಿ ಜೋಡಣೆಗೂ ಬೆಸುಗೆ ಬೇಕೇ ಬೇಕು.

ಕಂಪನದ ಸೆನ್ಸರ್ ಮತ್ತು ಗಾಜು ಒಡೆಯುವ ಸದ್ದು ಹಿಡಿಯುವ ಸೆನ್ಸರ್‌ಗಳನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಲೋಕಲ್ ರೈಲಿನ ಹಳಿ ಪಕ್ಕದ ಕಟ್ಟಡದಲ್ಲೂ ಗಣಪತಿಯ ಢೋಲ್ ತಾಶಾ ಹಾಯುವ ಬೀದಿಯಲ್ಲೂ ಮೊದಲನೆಯದಕ್ಕೆ ನೆಮ್ಮದಿಯಿಲ್ಲ. ಎರಡನೆಯದಕ್ಕೆ ಅಡುಗೆಮನೆಯಲ್ಲಿ ಬಿದ್ದ ಸ್ಟೀಲ್ ತಟ್ಟೆಯೇ ಸಾಕು.

ಇಷ್ಟಾದ ಮೇಲೂ ಉಳಿಯುವ ಹುಸಿ ಅಲಾರಂಗಳಿಗೆ ಉತ್ತರ ಎರಡು ಸಾಕ್ಷಿಗಳ ನಿಯಮ. ಒಂದೇ ಸೆನ್ಸರ್ ಎಚ್ಚರಗೊಂಡರೆ ಫೋನಿಗೆ ಸಂದೇಶ ಮಾತ್ರ ಹೋಗಲಿ. ಬಾಗಿಲಿನ ಸ್ವಿಚ್ ಮತ್ತು ಹಾಲ್‌ನ ಪಿಐಆರ್ 60 ಸೆಕೆಂಡಿನೊಳಗೆ ಎರಡೂ ಎಚ್ಚರಗೊಂಡರೆ ಸೈರನ್ ಕೂಗಲಿ. ಕಿಟಕಿಯಿಂದ ನುಗ್ಗಿದವನಿಗೂ ಈ ನಿಯಮ ಅನ್ವಯಿಸಬೇಕಾದರೆ ಒಳಗಿನ ಕೋಣೆಯಲ್ಲೊಂದು ಎರಡನೆಯ ಪಿಐಆರ್ ಇರಲೇಬೇಕು. ಮನೆಯವರೇ ಒಳಬಂದು ಕೀಪ್ಯಾಡ್ ತಲುಪುವುದಕ್ಕೆ 30 ಸೆಕೆಂಡಿನ ಬಿಡುವು ಕೊಟ್ಟು, ಗಿಡಕ್ಕೆ ನೀರು ಹಾಕಲು ಬರುವ ನೆರೆಯವರಿಗೆ ಬೇರೆಯದೇ ಸಂಖ್ಯೆಯನ್ನು ಕೊಟ್ಟರೆ, ಯಾರು ಯಾವಾಗ ಬಂದರೆಂಬುದೂ ದಾಖಲೆಯಲ್ಲಿ ಸಿಗುತ್ತದೆ.

ಕರೆಂಟು ಹೋದಾಗ ವ್ಯವಸ್ಥೆಯನ್ನು ನಡೆಸುವ 12 ವೋಲ್ಟ್ 7 ಆಂಪಿಯರ್-ಅವರ್‌ನ ಲೆಡ್ ಆ್ಯಸಿಡ್ ಬ್ಯಾಟರಿ ಹಳತಾದರೆ ಸೈರನ್ ಎಳೆಯುವ ಭಾರಕ್ಕೆ ವೋಲ್ಟೇಜ್ ಕುಸಿದು, ಸೆನ್ಸರ್‌ಗಳು ಮತ್ತೆ ಮೊದಲಿನಿಂದ ಆರಂಭವಾಗಿ, ಮತ್ತೆ ಸೈರನ್ ಎಬ್ಬಿಸುತ್ತವೆ. ಚಾರ್ಜರಿನ ಫ್ಲೋಟ್ ವೋಲ್ಟೇಜ್ (ತುಂಬಿದ ಬ್ಯಾಟರಿಯನ್ನು ತುಂಬಿದಂತೆಯೇ ಇಡುವ ವೋಲ್ಟೇಜ್) 13.5ರಿಂದ 13.8ರ ನಡುವೆ ಇದೆಯೇ ಎಂದು ಮಲ್ಟಿಮೀಟರಿನಿಂದ ಅಳೆಯಿರಿ. ಸೈರನ್ ಮೂರು ನಿಮಿಷಕ್ಕೆ ತಾನಾಗಿ ನಿಲ್ಲುವಂತಿರಲಿ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶದ ರಾತ್ರಿಯ ಮಿತಿ 45 ಡೆಸಿಬೆಲ್ ಮಾತ್ರ, ಸೊಸೈಟಿಯ ಕಾರ್ಯದರ್ಶಿಗೆ ಅದು ಚೆನ್ನಾಗಿಯೇ ಗೊತ್ತಿರುತ್ತದೆ.

ಸೂಕ್ಷ್ಮತೆಯ ಸ್ಕ್ರೂ ಮುಟ್ಟುವ ಸರದಿ ಈಗ. ಊರಿಗೆ ಹೊರಡುವ ಹಿಂದಿನ ದಿನ ಫ್ಯಾನು ಆರಿಸಿ, ಕಿಟಕಿಗಳನ್ನು ಮುಚ್ಚಿ, ಪರದೆಗಳನ್ನು ಕಟ್ಟಿ, ಮನೆ ಖಾಲಿಯಿರುವಾಗ ಹೇಗಿರುತ್ತದೋ ಹಾಗೆಯೇ ಇಟ್ಟು, ಬಾಗಿಲಿನಿಂದ ಪ್ರತಿ ಕೋಣೆಗೂ ನಿಧಾನವಾಗಿ ನಡೆದು ನೋಡಬೇಕು. ನಾಲ್ಕು ಹೆಜ್ಜೆಯೊಳಗೆ ಸೆನ್ಸರ್ ಎಚ್ಚರಗೊಳ್ಳುವವರೆಗೆ ಮಾತ್ರ ಸ್ಕ್ರೂ ಏರಿಸಿ, ಅಲ್ಲಿಗೇ ನಿಲ್ಲಿಸಿ, ಸೈರನ್ನಿನ ತಂತಿಯನ್ನು ಮರಳಿ ಜೋಡಿಸಿ.